ಓಪನ್ ಸೋರ್ಸ್ ಸಮುದಾಯದಲ್ಲಿ ನಮ್ಮ ಭಾಷೆಗೇ ಬೇರೆ ಬಳಗ ಬೇಕಾ?

ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್, ಬಳಸುವವರು ತಮ್ಮ ಭಾಷೆಯಲ್ಲೇ ಪ್ರಶ್ನೆ ಕೇಳಲು ಬೇರೆ ಬಳಗ ಕಟ್ಟಿಕೊಂಡರೆ ಸಮುದಾಯ ಒಡೆದುಹೋಗುತ್ತದೆ, ಎಲ್ಲರೂ ಇಂಗ್ಲಿಷಿನಲ್ಲೇ ಬರೆದರೆ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಕಟ್ಟಿ ಅಂತಲೇ ಹೇಳುತ್ತೇನೆ. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಯೋಜನೆಯಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಬಳಕೆದಾರರಿಗೆ ಬೇರೆ ಬೇರೆ ಮೇಲಿಂಗ್ ಲಿಸ್ಟ್‌ಗಳಿವೆ (ಇಮೇಲ್‌ನಲ್ಲೇ ಚರ್ಚೆ ನಡೆಸುವ ಗುಂಪುಗಳು). ಡೆಬಿಯನ್ ಒಡೆದಿಲ್ಲ.

ಇಂಥ ಬಳಗ ಅಂದರೆ ಇಂಗ್ಲಿಷ್ ಬಾರದವರಿಗೆ ಮಾಡಿಕೊಡುವ ಉಪಕಾರ ಅಂತ ತುಂಬಾ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡುವವರ ಕಣ್ಣಿಗೆ ಬೀಳದ ಬಗ್‌ಗಳು, ಅಂದರೆ ಪ್ರೋಗ್ರಾಂನ ದೋಷಗಳು, ಬೆಳಕಿಗೆ ಬರುವುದು ಇಲ್ಲೇ. ಕನ್ನಡವನ್ನೇ ತಗೊಳ್ಳಿ. ‘ಕೋ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಬಳಸುವ ಸಂಕೇತಗಳ ಪಟ್ಟಿಯಲ್ಲಿ) 1 ಸಂಕೇತವಾಗಿ ಬರೆಯಬಹುದು, 3 ಸಂಕೇತ ಜೋಡಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ಪ್ರೋಗ್ರಾಂ ಇವನ್ನು ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ, ಕಣ್ಣೆದುರೇ ಇರುವ ಪದ ಹುಡುಕಿದರೂ ಸಿಗುವುದಿಲ್ಲ. ಟರ್ಕಿಶ್ ಕಥೆ ಇನ್ನೂ ಹಳೆಯದು. ಅದರಲ್ಲಿ ಚುಕ್ಕಿ ಇರುವ ಸಣ್ಣ ‘ಐ’ ದೊಡ್ಡಕ್ಷರವಾದಾಗಲೂ ಚುಕ್ಕಿ ಉಳಿಸಿಕೊಳ್ಳುತ್ತದೆ, ಇಂಗ್ಲಿಷಿನ ದೊಡ್ಡ ‘ಐ’ಗೆ ಚುಕ್ಕಿ ಇಲ್ಲ. ಇಂಗ್ಲಿಷ್ ಲೆಕ್ಕದಲ್ಲಿ ಬರೆದ ಕೋಡ್ ಟರ್ಕಿಶ್ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ತನ್ನದೇ ಹೆಸರುಗಳನ್ನು ಗುರುತಿಸದೆ ಕೈಕೊಡುತ್ತದೆ. ಇದನ್ನೆಲ್ಲ ಬಳಸುವವರೇ ಬಂದು ಹೇಳಬೇಕು.

ಹೇಳುವ ಬಗೆಯೂ ಬದಲಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಓದುವವರೂ ಬರೆಯಲು ಹಿಂಜರಿದು, ‘ಕೆಲಸ ಮಾಡ್ತಿಲ್ಲ’ ಅಂತ ಒಂದೇ ಸಾಲು ಹಾಕಿ ಸುಮ್ಮನಾಗುತ್ತಾರೆ. ತಮ್ಮ ಭಾಷೆಯಲ್ಲಾದರೆ ಯಾವ ಮೆನು ಒತ್ತಿದೆ, ಏನು ಬಂತು, ನಿನ್ನೆವರೆಗೆ ಹೇಗಿತ್ತು, ಎಲ್ಲ ಬಿಡಿಸಿ ಹೇಳುತ್ತಾರೆ. ದೋಷ ಹುಡುಕುವವರಿಗೆ ಬೇಕಾಗಿರುವುದು ಅದೇ ತಾನೆ?

ಆದರೆ ಎರಡೂ ಕಡೆ ಓಡಾಡುವ ಇಬ್ಬರಾದರೂ ಇರಲೇಬೇಕು. ಇದರಲ್ಲಿ ರಾಜಿ ಬೇಡ. ಇಲ್ಲಿ ಬಂದ ದೂರನ್ನು ಯೋಜನೆಯ ದೋಷಗಳನ್ನೆಲ್ಲ ದಾಖಲಿಸುವ ಮುಖ್ಯ ಬಗ್ ಟ್ರ್ಯಾಕರ್‌ಗೆ ಇಂಗ್ಲಿಷಿನಲ್ಲಿ ಹಾಕುವುದು, ಅಲ್ಲಿ ಬಂದ ಉತ್ತರವನ್ನು ಕೇಳಿದವರಿಗೆ ಮುಟ್ಟಿಸುವುದು ಅವರ ಕೆಲಸ. ಎರಡನೆಯದನ್ನೇ ಜಾಸ್ತಿ ಜನ ಮರೆಯುತ್ತಾರೆ. ಉತ್ತರ ಸಿಗದವರು ಮತ್ತೆ ಬರುವುದಿಲ್ಲ.

ಲಿನಕ್ಸ್‌ನಲ್ಲಿ ಯಾರಾದರೂ ತಮ್ಮ ಭಾಷೆಯ ಎರರ್ ಮೆಸೇಜ್ ಕಳಿಸಿದರೆ, ಕಮಾಂಡಿನ ಮುಂದೆ ‘LC_ALL=C’ ಅಂತ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಸೇರಿಸಿ ಇನ್ನೊಮ್ಮೆ ಓಡಿಸಿ ಅಂತ ನಾನು ಹೇಳುತ್ತೇನೆ. ಸಾಮಾನ್ಯವಾಗಿ ಅದೇ ಮೆಸೇಜ್ ಇಂಗ್ಲಿಷಿನಲ್ಲಿ ಬರುತ್ತದೆ, ಹಾಗೇ ಡೆವಲಪರ್‌ಗಳಿಗೆ ಕಳಿಸಬಹುದು. ಒಂದು ವೇಳೆ ತೊಂದರೆಯೇ ಮಾಯವಾಯಿತು ಅಂದುಕೊಳ್ಳಿ. ಆಗ ಇನ್ನೂ ಒಳ್ಳೆಯ ಸುಳಿವು: ಬಗ್ ಇರುವುದು ಬಹುಶಃ ಭಾಷೆಯ ಸೆಟ್ಟಿಂಗ್‌ಗೆ ಸಂಬಂಧಪಟ್ಟ ಕಡೆಯಲ್ಲೇ. ಅದನ್ನೂ ದೂರಿನಲ್ಲಿ ಬರೆಯಿರಿ.

ಯೋಜನೆಯ ದೊಡ್ಡ ತೀರ್ಮಾನಗಳು ಮಾತ್ರ ಎಲ್ಲರೂ ಇರುವ ಕಡೆಯೇ ಆಗಲಿ. ಹಳೆಯ ಪ್ರಶ್ನೋತ್ತರ ಲಾಗಿನ್ ಇಲ್ಲದೆ ಹುಡುಕಿದರೆ ಸಿಗುವಂತಿರಲಿ. ಚಾಟ್ ಗುಂಪಿನಲ್ಲಿ ಕೊಟ್ಟ ಒಳ್ಳೆಯ ಉತ್ತರ ವಾರದೊಳಗೆ ಕೆಳಗೆ ಹೂತುಹೋಗುತ್ತದೆ, ಅದನ್ನೇ ಮತ್ತೆ ಮತ್ತೆ ಬರೆಯಬೇಕಾಗುತ್ತದೆ. ಆ ಇಬ್ಬರು ಸಿಕ್ಕಿದ್ದರೆ ನಾಳೆಯೇ ಶುರು ಮಾಡಿ, ಜನ ಸೇರಲಿ ಅಂತ ಕಾಯಬೇಡಿ.