ಮಗ ಡಿಫೆನ್ಸ್ ಆಡುತ್ತಾನೆ, ಗೋಲು ಹೊಡೆಯುವುದಿಲ್ಲ. ಐಸ್ ಹಾಕಿಯಲ್ಲಿ ಅವನಿಗೆ ಭವಿಷ್ಯವಿದೆಯೇ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನಮ್ಮಪ್ಪನ ಹಳೆಯ ವ್ಯಾನು ಕಣ್ಣ ಮುಂದೆ ಬಂತು. ಮಗನಿಗೆ ಹದಿನೈದು ವರ್ಷ, ಕೆನಡಾದಲ್ಲಿ ಹದಿಹರೆಯದವರು ಆಡುವ ಒಂಟಾರಿಯೊ ಹಾಕಿ ಲೀಗಿನ ಆಯ್ಕೆ ಹತ್ತಿರ ಬರುತ್ತಿದೆ, ಆಟಗಾರರನ್ನು ಹುಡುಕಿ ಬರುವ ಸ್ಕೌಟ್‌ಗಳ ಕಣ್ಣಿಗೆ ಬೀಳಲು ಅವನನ್ನು ಗೋಲು ಹೊಡೆಯುವ ಫಾರ್ವರ್ಡ್ ಸ್ಥಾನಕ್ಕೆ ಹಾಕಿಸಲೇ ಎಂದು ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ.

ನಾನು ಬೆಳೆದದ್ದು ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ. ಅಪ್ಪ ಮಂಡ್ಯದ ಕಡೆಯವರು, ಕಬಡ್ಡಿ ಆಡಿ ಬೆಳೆದವರು. ಸ್ಕೇಟ್ ಕಟ್ಟಿದವರೇ ಅಲ್ಲ. ಆದರೂ ಬೆಳಗಿನ ಜಾವದ ಅಭ್ಯಾಸಕ್ಕೆ ಒಂದು ದಿನವೂ ತಪ್ಪಿಸದೆ ಕರೆದೊಯ್ದು, ರಿಂಕಿನ ಕೊರೆಯುವ ಬೆಂಚಿನ ಮೇಲೆ ಫ್ಲಾಸ್ಕಿನ ಕಾಫಿ ಹಿಡಿದು ಕೂರುತ್ತಿದ್ದರು. ಪಂದ್ಯ ಮುಗಿದು ವ್ಯಾನು ಹತ್ತಿದರೆ ಅವರದು ಒಂದೇ ಮಾತು: "ಇವತ್ತೂ ಗೋಲು ಬರಲಿಲ್ಲವಲ್ಲೋ." ಅದರಲ್ಲಿ ಬೈಗುಳವಿರಲಿಲ್ಲ, ಪ್ರೀತಿಯೇ ಇತ್ತು. ಆ ಮಾತು ಕೇಳಬಾರದೆಂದು ನಾನು ಗೋಲಿನ ಬೆನ್ನು ಹತ್ತಿದೆ. ಬಾಬಿ ಓರ್ ಡಿಫೆನ್ಸ್ ಆಡುತ್ತಲೇ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನಲ್ಲಿ ಎರಡು ಬಾರಿ ಅತಿ ಹೆಚ್ಚು ಅಂಕ (ಗೋಲು ಮತ್ತು ಗೋಲಿಗೆ ನೆರವು ಸೇರಿಸಿ) ಗಳಿಸಿದವರು ಎಂದು ಎಲ್ಲೋ ಓದಿದ್ದೆ. ಅಷ್ಟು ಸಾಕಾಯಿತು.

ಜನವರಿಯ ಒಂದು ಪಂದ್ಯ. ಮೂರನೆಯ ಅವಧಿ, 2-2 ಸಮ. ಮೂಲೆಯ ಗಾಜಿನ ಹಿಂದೆ ಮೂವರು ಸ್ಕೌಟ್‌ಗಳು ನೋಟ್‌ಬುಕ್ ಹಿಡಿದು ನಿಂತಿದ್ದರು. ನಾವು ಎದುರಾಳಿಯ ವಲಯದಲ್ಲಿದ್ದೆವು, ನಾನು ಬಲಗಡೆ, ಆ ವಲಯ ಶುರುವಾಗುವ ನೀಲಿ ಗೆರೆಯ ಮೇಲೆ. ಆಟದ ರಬ್ಬರ್ ಬಿಲ್ಲೆ, ಅಂದರೆ ಪಕ್, ಅಂಚಿನ ಹಲಗೆಗೆ ಅಂಟಿಕೊಂಡೇ ಜಾರುತ್ತಾ ಅವರ ವಿಂಗರ್ (ಅಂಚಿನಲ್ಲಿ ಆಡುವ ಫಾರ್ವರ್ಡ್) ಕಡೆಗೆ ಬಂತು. ನಾನು ಗೆರೆ ಬಿಟ್ಟು ಕೆಳಗೆ, ಅವರ ಗೋಲಿನ ಕಡೆಗೆ, ನುಗ್ಗಿದೆ. ಇದಕ್ಕೆ ಪಿಂಚ್ ಎನ್ನುತ್ತಾರೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಹೆಚ್ಚಿನವರು ಇದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ. ನುಗ್ಗಿದ್ದು ತಪ್ಪಲ್ಲ. ಒಳ್ಳೆಯ ಡಿಫೆನ್ಸ್‌ಮನ್ ನುಗ್ಗಲೇಬೇಕು. ಆದರೆ ಅವನು ಬಿಟ್ಟ ಜಾಗಕ್ಕೆ ನಮ್ಮ ಮೂವರು ಫಾರ್ವರ್ಡ್‌ಗಳಲ್ಲಿ ಮೂರನೆಯವನು ಗೆರೆಯ ಬಳಿ ಮೇಲೆ ಬಂದು ನಿಂತಿರಬೇಕು. ಬಂದಿದ್ದಾನೋ ಇಲ್ಲವೋ ಎಂದು ನೋಡಲು ಬೇಕಾದದ್ದು ಒಂದು ಸಲ ಕತ್ತು ತಿರುಗಿಸುವಷ್ಟು ಹೊತ್ತು. ನಾನು ತಿರುಗಿಸಲಿಲ್ಲ. ನಮ್ಮ ಮೂರನೆಯ ಫಾರ್ವರ್ಡ್ ಇನ್ನೂ ಮೂಲೆಯಲ್ಲೇ ಪಕ್ಕಿಗಾಗಿ ಗುದ್ದಾಡಿ ಏದುಸಿರು ಬಿಡುತ್ತಿದ್ದ. ಅವರ ವಿಂಗರ್ ನನ್ನನ್ನು ಕಂಡವನೇ ಪಕ್ಕನ್ನು ಗಾಜಿಗೆ ತಟ್ಟಿದ. ಅದು ಠಣ್ ಎಂದು ಬಡಿದು ನನ್ನ ಹೆಲ್ಮೆಟ್ಟಿನ ಪಕ್ಕದಿಂದಲೇ ಹಿಂದಕ್ಕೆ ಹಾರಿತು. ನಾನು ತಿರುಗುವಷ್ಟರಲ್ಲಿ ಅವರ ಇಬ್ಬರು ನನ್ನ ಜೊತೆಗಾರನೊಬ್ಬನ ಮೇಲೆ ಏರಿ ಹೋಗುತ್ತಿದ್ದರು. 3-2.

ಮರುದಿನ ಕೋಚ್ ವಿಡಿಯೊ ನಿಲ್ಲಿಸಿ, "ನಿನ್ನ ಹಿಂದೆ ಯಾರಿದ್ದಾರೆ?" ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಪಂದ್ಯದ ತಪ್ಪಾಗಿದ್ದರೆ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆದರೆ ಅದೇ ತಿಂಗಳು ಹಾಗೆಯೇ ನುಗ್ಗಿ ಎರಡು ಗೋಲು ಹೊಡೆದಿದ್ದೆ, ವ್ಯಾನಿನಲ್ಲಿ ಅಪ್ಪ ಹಾಡು ಹಾಕಿದ್ದರು. ಹಾಗಾಗಿ ಬಿಡಲಿಲ್ಲ. ಋತು ಮುಗಿಯುವಾಗ ಅದು ನನ್ನ ಕಾಲಿನ ಚಾಳಿಯಾಗಿತ್ತು. ಆ ವರ್ಷದ ಆಯ್ಕೆಯಲ್ಲಿ ಸುಮಾರು 300 ಹುಡುಗರ ಹೆಸರು ಕರೆದರು, ನನ್ನ ಹೆಸರಿರಲಿಲ್ಲ. ಒಬ್ಬ ಸ್ಕೌಟ್ ಕೋಚ್‌ಗೆ ಹೇಳಿದ ಮಾತು ಆಮೇಲೆ ಕಿವಿಗೆ ಬಿತ್ತು: ಹುಡುಗ ಚೆನ್ನಾಗಿ ಓಡುತ್ತಾನೆ, ಆದರೆ ಪಂದ್ಯ ಸಮವಿದ್ದಾಗ ಅವನನ್ನು ಇಳಿಸಲು ಧೈರ್ಯ ಬಾರದು. ಆ ಲೀಗಿಗಿಂತ ಕೆಳಗಿನ ಜೂನಿಯರ್ ಎ ಮಟ್ಟದಲ್ಲಿ ಇಪ್ಪತ್ತರ ವಯಸ್ಸಿನವರೆಗೆ ಆಡಿ ನಿಲ್ಲಿಸಿದೆ. ಈಗ ಶನಿವಾರಗಳಂದು ಹನ್ನೆರಡರ ವಯಸ್ಸಿನ ಮಕ್ಕಳಿಗೆ ಡಿಫೆನ್ಸ್ ಕಲಿಸುತ್ತೇನೆ.

ಸ್ಕೌಟ್‌ಗಳು ಗೋಲನ್ನೇ ನೋಡುತ್ತಾರೆ ಎಂಬ ನಿಮ್ಮ ನಂಬಿಕೆಯೇ ಸರಿಯಲ್ಲ. ಡಿಫೆನ್ಸ್‌ಮನ್‌ನಲ್ಲಿ ಅವರು ನೋಡುವುದು ಹಿಮ್ಮುಖವಾಗಿ ಜಾರುವಾಗ ಎದುರಾಳಿಗೂ ತನಗೂ ನಡುವೆ ಎಷ್ಟು ಅಂತರ ಇಟ್ಟುಕೊಳ್ಳುತ್ತಾನೆ, ಪಕ್ ಸಿಕ್ಕ ಮೇಲೆ ಮೊದಲ ಪಾಸ್ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು. ಟೊರಾಂಟೊದಲ್ಲೇ ಹುಟ್ಟಿದ ಕ್ರಿಸ್ ಟಾನೆವ್ ಅವರನ್ನು ನೋಡಿ. ತಂಡಗಳು ಯುವ ಆಟಗಾರರನ್ನು ಆರಿಸಿಕೊಳ್ಳುವ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಅಮೆರಿಕದ ರಾಚೆಸ್ಟರ್‌ನಲ್ಲಿ ಒಂದು ವರ್ಷ ಕಾಲೇಜು ಹಾಕಿ ಆಡಿ 2010ರಲ್ಲಿ ಎನ್‌ಎಚ್‌ಎಲ್‌ನ ವ್ಯಾಂಕೂವರ್ ತಂಡ ಸೇರಿದರು. ಒಂದು ಋತುವಿನಲ್ಲಿ ಹತ್ತು ಗೋಲು ಎಂದೂ ಹೊಡೆದವರಲ್ಲ. ಗೋಲಿನತ್ತ ಬರುವ ಹೊಡೆತಗಳಿಗೆ ಮೈಯೊಡ್ಡಿ ನಿಲ್ಲುವುದೇ ಅವರ ಕಸುಬು, ಅದಕ್ಕಾಗಿಯೇ 2024ರಲ್ಲಿ ಟೊರಾಂಟೊ ತಂಡ ಆರು ವರ್ಷದ ಒಪ್ಪಂದ ಕೊಟ್ಟಿತು. ಇದೇ ಊರಿನ ಮಾರ್ಕ್ ಜಿಯೊರ್ಡಾನೊ ಅವರನ್ನೂ ಡ್ರಾಫ್ಟ್‌ನಲ್ಲಿ ಯಾರೂ ಕೇಳಿರಲಿಲ್ಲ. ನಡುವೆ ಒಂದು ಋತು ಮಾಸ್ಕೋಗೆ ಹೋಗಿ ಆಡಿ ಬಂದರು. ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಅವರಿಗೆ ಸಿಕ್ಕಿದ್ದು 2019ರಲ್ಲಿ, 35ನೇ ವಯಸ್ಸಿನಲ್ಲಿ. ಈ ಸ್ಥಾನ ನಿಧಾನವಾಗಿ ಮಾಗುತ್ತದೆ. ಹದಿನೈದಕ್ಕೆ ತೀರ್ಪು ಕೊಡುವುದು ಅನ್ಯಾಯ.

ಒಂಟಾರಿಯೊ ಲೀಗೋ ಅಮೆರಿಕದ ಕಾಲೇಜೋ ಎಂಬ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. ಆ ಲೀಗಿನಲ್ಲಿ ಆಡಿದವರಿಗೆ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತಿದ್ದ ನಿಯಮವನ್ನು 2024ರ ನವೆಂಬರ್‌ನಲ್ಲಿ ತೆಗೆದರು, 2025ರ ಆಗಸ್ಟ್‌ನಿಂದ ಜಾರಿಯಾಗಿದೆ. ಶಾಲೆಯ ಪಾಠ ಮಾತ್ರ ಬಿಡಿಸಬೇಡಿ.

ಎಷ್ಟೋ ವರ್ಷಗಳ ನಂತರ ಅಪ್ಪನಿಗೆ ಆ ಜನವರಿಯ ಪಂದ್ಯವನ್ನು ಕಬಡ್ಡಿಯ ಭಾಷೆಯಲ್ಲಿ ವಿವರಿಸಿದೆ: ಹಿಂದೆ ಕವರ್ ಇಲ್ಲದೆ ಕಾರ್ನರ್ ಆಟಗಾರ ರೈಡರ್ ಮೇಲೆ ನುಗ್ಗಿದ ಹಾಗೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಇದನ್ನು ಆಗಲೇ ಯಾಕೋ ಹೇಳಲಿಲ್ಲ?" ಎಂದರು.

ಮುಂದಿನ ಪಂದ್ಯದಲ್ಲಿ ನೀವು ಗೋಲಿನ ಹಿಂದಿನ ಸಾಲಿನಲ್ಲಿ ಎತ್ತರದಲ್ಲಿ ಕುಳಿತುಕೊಳ್ಳಿ. ಪಕ್ಕನ್ನು ನೋಡಬೇಡಿ, ಮಗನನ್ನೇ ನೋಡಿ. ಗೆರೆ ಬಿಟ್ಟು ಇಳಿಯುವ ಮುನ್ನ ಅವನು ಎಷ್ಟು ಸಲ ಕತ್ತು ತಿರುಗಿಸುತ್ತಾನೆ ಎಂದು ಎಣಿಸಿ, ಆ ಲೆಕ್ಕವನ್ನು ಇಲ್ಲಿ ಬರೆಯಿರಿ. ನಾನು ಖಂಡಿತ ಓದಿ ಉತ್ತರಿಸುತ್ತೇನೆ.