ಎದೆ ಡವಗುಟ್ಟುವುದು ಹಸಿವಿಗೋ, ಆತಂಕಕ್ಕೋ?

ಬೆಳಗ್ಗೆ ಹನ್ನೊಂದರ ಹೊತ್ತಿಗೆ ವಿನಾಕಾರಣ ಎದೆ ಹೊಡೆದುಕೊಂಡು ಕೈ ನಡುಗುತ್ತದೆ, ಇದು ಮನಸ್ಸಿನ ಕಾಯಿಲೆಯೋ ಊಟದ ದೋಷವೋ ಎಂದು ತಾವು ಕೇಳಿದ್ದೀರಿ. ನಾನು ವೈದ್ಯನಲ್ಲ, ತೀರ್ಥಹಳ್ಳಿ ಸಮೀಪದ ಅಡಿಕೆ ಬೆಳೆಗಾರ. ಇದೇ ಲಕ್ಷಣಗಳೊಡನೆ ಎರಡು ವರ್ಷ ಕಳೆದವನಾದ್ದರಿಂದ ಉತ್ತರಿಸುತ್ತಿದ್ದೇನೆ.

ಕೊಯ್ಲಿನ ದಿನಗಳಲ್ಲಿ ನಸುಕಿಗೇ ಎರಡು ಲೋಟ ಗಟ್ಟಿ ಕಾಫಿ ಕುಡಿದು, ತಿಂಡಿಯನ್ನು ಮುಂದೂಡಿ, ಕವಳದ (ಎಲೆಯಡಿಕೆಯ) ಮೇಲೆ ಕವಳ ಹಾಕುತ್ತಾ ತೋಟದಲ್ಲಿ ಓಡಾಡುತ್ತಿದ್ದೆ. ಹತ್ತು ಗಂಟೆ ದಾಟಿತೆಂದರೆ ಬೆವರು, ನಡುಕ, ಏನೋ ಅನಾಹುತ ಕಾದಿದೆಯೆಂಬ ಭಯ. ಶಿವಮೊಗ್ಗದಲ್ಲಿ ಮಾಡಿಸಿದ ಇಸಿಜಿ ಸರಿಯಿದ್ದರೂ ಭಯ ತಗ್ಗಲಿಲ್ಲ. ಕೊನೆಗೆ ಕಂಡ ಮನೋವೈದ್ಯರು ಮೊದಲು ಕೇಳಿದ್ದು, ನಾನು ಬೆಳಗ್ಗೆ ಏನು ತಿನ್ನುತ್ತೇನೆಂದು.

ಹಸಿದು ದುಡಿಯುವಾಗ ರಕ್ತದ ಸಕ್ಕರೆ ತೀರ ಇಳಿದರೆ, ಅದನ್ನು ಏರಿಸಲು ದೇಹ ಎದೆಬಡಿತ ಹೆಚ್ಚಿಸುವ ಅಡ್ರಿನಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ; ಗಾಬರಿಯಾದಾಗ ಸ್ರವಿಸುವುದೂ ಅದನ್ನೇ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಉತ್ತೇಜಕ ಏನು ಮಾಡುತ್ತದೆಂಬುದನ್ನು, ಅಡಿಕೆ ಸೊಕ್ಕಿ ಬೆವತು ಕುಳಿತವರಿಗೆ ನಾನು ಹೇಳಬೇಕಿಲ್ಲ. ಹೊಟ್ಟೆ, ಹೃದಯಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಎಳೆಗಳಲ್ಲಿ ಸುಮಾರು 80% ಕೆಳಗಿನಿಂದ ಮೇಲಕ್ಕೇ ಸುದ್ದಿ ಒಯ್ಯುತ್ತವೆ. ಸುದ್ದಿ ತಲುಪಿದ ಮೇಲೆ ಮನಸ್ಸು ಅದಕ್ಕೊಂದು ಕಾರಣ ಹುಡುಕುತ್ತದೆ. ನನ್ನ ಮನಸ್ಸಿಗಂತೂ ಅಡಿಕೆಯ ಕೊಳೆರೋಗ, ಧಾರಣೆ, ಬ್ಯಾಂಕಿನ ಸಾಲ ಎಂದು ಕಾರಣಗಳಿಗೆ ಬರವಿರಲಿಲ್ಲ.

ಮನಸ್ಥಿತಿಗೆ ನಂಟಿರುವ ಸಿರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿನಂಶ ಕರುಳಿನಲ್ಲೇ ತಯಾರಾಗುತ್ತದೆ, ಆದ್ದರಿಂದ ಇಂಥದ್ದು ತಿಂದರೆ ಖಿನ್ನತೆ ಮಾಯ ಎಂಬ ಮಾತನ್ನು ಮಾತ್ರ ನಂಬಬೇಡಿ. ಕರುಳಿನ ಸಿರೊಟೋನಿನ್ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ.

ನಾನು ಏಳೂವರೆಯೊಳಗೆ ಅಕ್ಕಿರೊಟ್ಟಿಯನ್ನೋ ಕಡುಬನ್ನೋ ಹೆಸರುಕಾಳಿನ ಪಲ್ಯದೊಡನೆ ತಿಂದು, ಆಮೇಲೆ ಒಂದೇ ಲೋಟ ಕಾಫಿ ಕುಡಿಯತೊಡಗಿದೆ. ಮೂರು ವಾರಗಳಲ್ಲಿ ನಡುಕ ಬಹುಪಾಲು ನಿಂತಿತು. ರಾತ್ರಿಯ ಚಿಂತೆ ನಿಲ್ಲಲಿಲ್ಲ. ಅದಕ್ಕೆ ಮಾತ್ರೆ, ಆಪ್ತಸಮಾಲೋಚನೆ ಎರಡೂ ಬೇಕಾದವು. ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆಯಿದ್ದುದೂ ತಿಳಿಯಿತು. ತಾವು ಸಸ್ಯಾಹಾರಿಗಳಾಗಿದ್ದರೆ ಅದನ್ನೂ, ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ಎರಡು ವಾರ, ಎದೆ ಡವಗುಟ್ಟಿದ ಹೊತ್ತನ್ನೂ ಅದಕ್ಕೆ ಮೊದಲು ತಿಂದದ್ದನ್ನೂ ಬರೆದಿಡಿ. ಕವಳವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಟ್ಟೆ ತುಂಬಿದ್ದಾಗಲೂ ಭಯ ಬರುತ್ತಿದ್ದರೆ, ಆ ಚೀಟಿಯನ್ನೇ ಹಿಡಿದು ಮನೋವೈದ್ಯರನ್ನು ಕಾಣಿ.