ಮದುವೆಯಾದ ಮಗಳಿಗೂ ಪಾಲಿದೆ

ಅಕ್ಕಾ, ಕಾಸರಗೋಡು ಜಿಲ್ಲೆಯ ಪೈವಳಿಕೆಯ ಅಡಿಕೆ ತೋಟ ಅಪ್ಪ ಸ್ವಂತ ದುಡಿದು ತೆಗೆದದ್ದು, ವಿಲ್ ಬರೆಯದೆ ತೀರಿಕೊಂಡರು, ಈಗ ಅಣ್ಣಂದಿರಿಬ್ಬರೂ ‘ನಿನಗೆ ಮದುವೆಯಾಗಿದೆ, ತೆರಿಗೆ ರಶೀದಿಯೂ ನಮ್ಮ ಹೆಸರಲ್ಲಿದೆ, ನಿನಗೇನೂ ಇಲ್ಲ’ ಅನ್ನುತ್ತಾರೆ ಎಂದು ಬರೆದಿದ್ದೀರಿ. ಖಂಡಿತ ಹಾಗಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ವಿಲ್ ಇಲ್ಲದಿದ್ದರೆ ಅಪ್ಪನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ ಪಾಲು. ಅಪ್ಪನ ತಾಯಿ ಇದ್ದರೆ ಅವರಿಗೂ. ನಿಮ್ಮಲ್ಲಿ ಅಮ್ಮ ಸೇರಿ ನಾಲ್ವರು, ಅಂದ್ರೆ ನಿಮಗೆ ಕಾಲು ಭಾಗ. ಮದುವೆ ಲೆಕ್ಕಕ್ಕೇ ಬರುವುದಿಲ್ಲ. ವಿಲೇಜ್ ಆಫೀಸಿನ ರಶೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ ಅಷ್ಟೇ. ಪೋಕುವರವು, ಅಂದ್ರೆ ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ, ಆಗಿದ್ದರೂ ಅದರಿಂದ ಹಕ್ಕು ಹುಟ್ಟುವುದಿಲ್ಲ, ಸುಪ್ರೀಂ ಕೋರ್ಟ್ ಇದನ್ನು ಹಲವು ಸಲ ಹೇಳಿದೆ.

ನನಗೆ ಭಯ ಇರುವುದು ಸಹಿಯ ವಿಚಾರದಲ್ಲಿ. ನಮ್ಮ ಚಿಕ್ಕಮ್ಮನ ಮುಂದೆ ಒಂದು ದಿನ ಮಲಯಾಳದಲ್ಲಿ ಟೈಪ್ ಮಾಡಿದ ಛಾಪಾ ಕಾಗದ ಇಟ್ಟರು. ‘ತೆರಿಗೆಯ ಪೇಪರ್, ಸುಮ್ನೆ ಒಂದು ಸಹಿ ಹಾಕು’ ಅಂದರು. ಚಿಕ್ಕಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಪಕ್ಕದ ಮನೆಯ ಹುಡುಗಿ ಓದಿ ಹೇಳಿದಾಗಲೇ ಗೊತ್ತಾದದ್ದು, ಅದು ಹಕ್ಕು ಬಿಡುಗಡೆ ಪತ್ರ ಅಂತ. ಪೆನ್ನು ಕೈಯಲ್ಲೇ ಇತ್ತು. ದಯವಿಟ್ಟು ಓದಿಸದೆ ಯಾವುದಕ್ಕೂ ಸಹಿ ಹಾಕಬೇಡಿ.

ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಅಪ್ಪನ ಕ್ರಯಪತ್ರದ ನಕಲು, ಇ.ಸಿ. (ಜಾಗದ ಋಣಭಾರ ಪತ್ರ) ತೆಗೆಸಿ. ಉಪ್ಪಳದ ತಾಲೂಕು ಆಫೀಸಿನಲ್ಲಿ ವಾರಸುದಾರರ ಸರ್ಟಿಫಿಕೇಟಿಗೆ ಅರ್ಜಿ ಕೊಡಿ. ಅಣ್ಣಂದಿರು ಮಾತಿಗೆ ಬಂದರೆ ಅಮ್ಮನನ್ನೂ ಕೂರಿಸಿಕೊಂಡು ಮಾತಾಡಿ, ಪಾಲುಪತ್ರ ರಿಜಿಸ್ಟರ್ ಮಾಡಿಸಿ. ಒಪ್ಪದಿದ್ದರೆ ಈ ಕಾಗದಗಳನ್ನು ಹಿಡಿದು ವಕೀಲರನ್ನು ಕಾಣಿ, ಪಾಲಿನ ದಾವೆ ಹಾಕಬಹುದು.